ವಿಜಯಪುರದ ಚಳಿಗೆ ಕಾರಿಗೆ ಬೇರೆ ಟೈರ್ ಬೇಕೇ?

ಡಿಸೆಂಬರ್‌ನ ಒಂದು ಭಾನುವಾರ ಟಿಕೋಟಾದಿಂದ ಅಕ್ಕನ ಮಗನ ಫೋನ್ ಬಂತು. "ಮಾಮಾ, ಈ ಥಂಡ್ಯಾಗ ಕಾರಿಗೆ ಬ್ಯಾರೆ ಟೈರ್ ಹಾಕಸ್ಬೇಕಂತಲ್ರಿ. ಮೊಬೈಲ್‌ನ್ಯಾಗ ವಿಡಿಯೋ ನೋಡೀನಿ. ನಮಗೂ ಬೇಕಾಕ್ಕಾವೇನ್ರಿ?"

ನನಗೆ ನಗು ಬಂತು. ವಿಜಯಪುರದವರು ಬಿಸಿಲಿನ ಬಗ್ಗೆ ಕೇಳಿದರೆ ಸರಿ, ಚಳಿಗಾಲದ ಟೈರ್ ಬಗ್ಗೆ ಕೇಳುವುದೇ? ಆದರೆ ಅವನ ಪ್ರಶ್ನೆ ತೀರಾ ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. ದ್ರಾಕ್ಷಿ ಪಡದ ಕೆಲಸಕ್ಕೆಂದು ಅವನು ನಸುಕಿನಲ್ಲೇ ಕಾರು ತೆಗೆಯುತ್ತಾನೆ. ವಾರಕ್ಕೆ ಎರಡು ಸಲ ವಿಜಯಪುರಕ್ಕೆ, ಒಮ್ಮೊಮ್ಮೆ ಬಬಲೇಶ್ವರದ ಬೀಗರ ಮನೆಗೆ ಓಡಾಟ. ನಮ್ಮಲ್ಲಿ ಕೆಲವು ಡಿಸೆಂಬರ್‌ಗಳಲ್ಲಿ ಬೆಳಗಿನ ಜಾವದ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿದದ್ದೂ ಉಂಟು. ಹಾಗಾಗಿ ಮುಂದಿನ ಭಾನುವಾರ ನಾನೇ ಟಿಕೋಟಾಕ್ಕೆ ಹೋದೆ. ಅವನ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಿತ್ತು. ಆದರೆ ಆ ನಾಲ್ಕು ಟೈರುಗಳನ್ನು ಬಗ್ಗಿ ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ಈ ಬರಹ ಅದರ ಬಗ್ಗೆ.

ಚಳಿಗಾಲದ ಟೈರ್ ಅಂದರೆ ಏನು?

ಮೊದಲು ಅವನ ಪ್ರಶ್ನೆ. ಸಾಮಾನ್ಯ ಟೈರಿನ ರಬ್ಬರ್ ಚಳಿ ಹೆಚ್ಚಾದಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ರಸ್ತೆಯನ್ನು ಹಿಡಿಯುವುದಿಲ್ಲ. ಯುರೋಪಿನಲ್ಲಿ ಇದಕ್ಕೆ ಸುಮಾರು 7 ಡಿಗ್ರಿಯ ಲೆಕ್ಕ ಹೇಳುತ್ತಾರೆ. ಹಗಲು ರಾತ್ರಿ ಅದಕ್ಕಿಂತ ಕೆಳಗೇ ಇರುವ ಊರುಗಳಲ್ಲಿ ಚಳಿಯಲ್ಲೂ ಮೆತ್ತಗೆ ಉಳಿಯುವ ರಬ್ಬರಿನ, ಹಿಮವನ್ನು ಕಚ್ಚಿ ಹಿಡಿಯುವ ಸಣ್ಣ ಸೀಳುಗಳಿರುವ ಟೈರ್ ಹಾಕುತ್ತಾರೆ.

ಅಲ್ಲಿ ಅದು ಕಾನೂನಿನ ವಿಷಯ. ಸ್ವೀಡನ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಜರ್ಮನಿಯಲ್ಲಿ ದಿನಾಂಕದ ಲೆಕ್ಕವಿಲ್ಲ, ರಸ್ತೆಯ ಸ್ಥಿತಿಯ ಲೆಕ್ಕ. ಹಿಂದೆ ಟೈರಿನ ಮೇಲೆ 'ಎಂ ಪ್ಲಸ್ ಎಸ್', ಅಂದರೆ ಕೆಸರು ಮತ್ತು ಹಿಮ, ಎಂಬ ಗುರುತಿದ್ದರೆ ಅಲ್ಲಿ ಸಾಕಿತ್ತು. ಆದರೆ ಆ ಗುರುತು ಹಾಕಲು ಕಂಪನಿಗಳು ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಿರಲಿಲ್ಲ. ಹೀಗಾಗಿ 2024ರ ಅಕ್ಟೋಬರ್ 1ರಿಂದ ಅದನ್ನು ಒಪ್ಪುತ್ತಿಲ್ಲ. ಪರೀಕ್ಷೆಯಲ್ಲಿ ಗೆದ್ದ ಟೈರಿಗೆ ಮಾತ್ರ ಸಿಗುವ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತೇ ಬೇಕು.

ನಮ್ಮ ದೇಶದಲ್ಲೂ ಲಡಾಖ್, ಹಿಮಾಚಲದ ಕಥೆ ಬೇರೆ. ಮನಾಲಿಯಿಂದ ಅಟಲ್ ಸುರಂಗದ ಕಡೆ ಹಿಮ ಬಿದ್ದ ದಿನ ಪೊಲೀಸರು ನಾಲ್ಕೂ ಚಕ್ರ ಎಳೆಯುವ ಗಾಡಿ ಅಥವಾ ಟೈರಿಗೆ ಸರಪಳಿ ಸುತ್ತಿದ ಗಾಡಿಯನ್ನಷ್ಟೇ ಬಿಡುತ್ತಾರೆ.

ವಿಜಯಪುರಕ್ಕೆ ಇದ್ಯಾವುದೂ ಬೇಡ. ನಸುಕಿನಲ್ಲಿ ಎಷ್ಟೇ ಥಂಡಿ ಇದ್ದರೂ ಹತ್ತು ಗಂಟೆಗೆ ಬಿಸಿಲು ಚುರುಗುಟ್ಟುತ್ತದೆ. ಚಳಿಗಾಲದ ಮೆತ್ತನೆ ಟೈರ್ ನಮ್ಮ ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಕೊಟ್ಟ ದುಡ್ಡೂ ಹೋಯಿತು, ಇದ್ದ ಭದ್ರತೆಯೂ ಹೋಯಿತು. "ಬ್ಯಾಡಪಾ, ಸುಮ್ನ ರೊಕ್ಕ ಹಾಳ ಮಾಡ್ಕೊಬ್ಯಾಡ" ಅಂದೆ. ಅಲ್ಲಿಗೆ ಮಾತು ಮುಗಿಯಬೇಕಿತ್ತು.

ನಾಲ್ಕು ಅಂಕಿ

"ಖರೆ ಮಾಮಾ, ನನ್ನ ಟೈರಿನ ಮ್ಯಾಲ ಎಂ ಪ್ಲಸ್ ಎಸ್ ಅಂತ ಐತಿ ನೋಡ್ರಿ" ಎಂದು ಅವನು ಹೆಮ್ಮೆಯಿಂದ ತೋರಿಸಿದ. ಇತ್ತು. ಅದರ ಪಕ್ಕದಲ್ಲೇ, ಉದ್ದನೆಯ ಗುರುತಿನ ಕೊನೆಗೆ, ಸಣ್ಣ ಚೌಕಟ್ಟಿನೊಳಗೆ ಇನ್ನೂ ನಾಲ್ಕು ಅಂಕಿ ಇದ್ದವು: 3515.

ಟೈರಿನ ಮೇಲಿನ ಈ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3515 ಅಂದರೆ 2015ರ 35ನೇ ವಾರ, ಆಗಸ್ಟ್ ಕೊನೆ. ಆ ಟೈರ್ ತಯಾರಾದಾಗ ಟಿಕೋಟಾ, ಬಬಲೇಶ್ವರ ಇನ್ನೂ ತಾಲೂಕುಗಳಾಗಿರಲಿಲ್ಲ. ಹತ್ತು ವರ್ಷ ದಾಟಿದ ರಬ್ಬರ್. ನಾಲ್ಕರಲ್ಲಿ ಎರಡು ಟೈರ್ ಇದೇ ವಯಸ್ಸಿನವು. ಪಕ್ಕದ ಗೋಡೆಯಲ್ಲಿ ಬೇಸಿಗೆಯ ಯರಿ ಹೊಲದ ಹಾಗೆ ಸಣ್ಣ ಸಣ್ಣ ಬಿರುಕು.

ಕಾರನ್ನು ಅವನು ಮಳೆಗಾಲದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ. ಮಾರಿದವರು "ಟೈರ್ ಎಲ್ಲಾ ಕಂಡೀಷನ್ ಅದಾವ್ರಿ" ಎಂದಿದ್ದರಂತೆ. ಮೇಲ್ನೋಟಕ್ಕೆ ಸುಳ್ಳೂ ಅಲ್ಲ. ಗೀರುಗಳು ಇನ್ನೂ ಆಳವಾಗೇ ಇದ್ದವು, ಕಪ್ಪು ಪಾಲಿಶ್ ಹಚ್ಚಿ ಮಿಂಚಿಸಿದ್ದರು. ಕಾರು ಕಡಿಮೆ ಓಡಿದ್ದರೆ ಟೈರ್ ಸವೆಯುವುದಿಲ್ಲ, ಆದರೆ ಬಿಸಿಲಿಗೆ, ಗಾಳಿಗೆ ರಬ್ಬರ್ ಮುದಿಯಾಗುತ್ತದೆ. ಟೈರ್ ಕಂಪನಿಗಳು ಸಾಮಾನ್ಯವಾಗಿ ಕೊಡುವ ಸಲಹೆಯೇನೆಂದರೆ, ಐದು ವರ್ಷದ ನಂತರ ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷವಾದರೆ ಹೇಗೇ ಕಾಣಲಿ, ತೆಗೆದುಬಿಡಿ.

ಚಳಿಗಾಲದ ಗುರುತು ನೋಡಿ ಖುಷಿಪಟ್ಟ ಹುಡುಗನಿಗೆ ಪಕ್ಕದಲ್ಲಿದ್ದ ಹುಟ್ಟಿದ ದಿನ ಕಂಡಿರಲಿಲ್ಲ. ಅವನ ತಪ್ಪೇನಿಲ್ಲ. ಅದನ್ನು ಓದಲು ಅವನಿಗೆ ಯಾರೂ ಕಲಿಸಿಲ್ಲ.

ನಮ್ಮ ಅಪಾಯದ ಕಾಲ ಯಾವುದು?

ಈ ಟೈರ್ ಚಳಿಗಾಲ ಹೇಗೋ ದಾಟೀತು. ಕೈಕೊಡುವ ಭಯವಿರುವುದು ಏಪ್ರಿಲ್, ಮೇ ತಿಂಗಳಲ್ಲಿ. ಹೊರಗೆ 40 ಡಿಗ್ರಿ ದಾಟಿರುತ್ತದೆ, ಕಪ್ಪು ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಸೊಲ್ಲಾಪುರದ ಕಡೆಗೋ ಹೊಸಪೇಟೆಯ ಕಡೆಗೋ ಚತುಷ್ಪಥ ಹೆದ್ದಾರಿ ಹತ್ತಿದರೆ ಕಾಲು ತಾನಾಗಿಯೇ ಎಕ್ಸಲರೇಟರ್ ಮೇಲೆ ಭಾರವಾಗುತ್ತದೆ.

ಇಲ್ಲಿ ನಮ್ಮ ಜನರ ಒಂದು ನಂಬಿಕೆಯೇ ತಿರುಗುಮುರುಗು. ಬೇಸಿಗೆಯಲ್ಲಿ ಹವಾ ಹಿಗ್ಗುತ್ತದೆ, ಅದಕ್ಕೆ ಕಡಿಮೆ ತುಂಬಿಸಬೇಕು ಅಂತಾರೆ. ಹವಾ ಹಿಗ್ಗುವುದು ನಿಜ. 32 ಪಿಎಸ್‌ಐ ಇರುವ ಟೈರಿನಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಕಂಪನಿಯವರು ಈ ಏರಿಕೆಯನ್ನು ಲೆಕ್ಕ ಹಿಡಿದೇ ಅಂಕಿ ಕೊಟ್ಟಿರುತ್ತಾರೆ. ಟೈರನ್ನು ಕೊಲ್ಲುವುದು ಕಡಿಮೆ ಹವಾ. ಹವಾ ಕಡಿಮೆಯಾದರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ. ಮುದಿ ರಬ್ಬರ್ ಆ ಬಿಸಿ ತಡೆಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ, ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಅಂಕಿಯಷ್ಟು ಹವಾ ಹಿಡಿಸಬೇಕು. ಡಿಸೆಂಬರ್‌ನ ಥಂಡಿಯಲ್ಲಿ ಅದೇ ಹವಾ ಕುಗ್ಗಿರುತ್ತದೆ. ನಮ್ಮ ಚಳಿಗಾಲಕ್ಕೆ ಬೇಕಾದ ವಿಶೇಷ ವ್ಯವಸ್ಥೆ ಇಷ್ಟೇ: ಹದಿನೈದು ದಿನಕ್ಕೊಮ್ಮೆ ಹವಾ ಪರೀಕ್ಷೆ.

ಚಳಿಗಾಲದ ಇನ್ನೊಂದು ಅಪಾಯ ನಮ್ಮ ಟೈರಿನದ್ದಲ್ಲ, ಎದುರಿನ ಗಾಡಿಯದ್ದು. ಕಬ್ಬು ಕಡಿಯುವ ಈ ತಿಂಗಳುಗಳಲ್ಲಿ ಸಾರವಾಡ ದಾಟಿ ಬಬಲೇಶ್ವರ, ಜಮಖಂಡಿ ಕಡೆ ರಾತ್ರಿ ಹೋಗಿ ನೋಡಿ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು, ಹಿಂದೆ ದೀಪವಿಲ್ಲ, ಮಿನುಗುವ ಪಟ್ಟಿಯಿಲ್ಲ, ಬೋಳು ಟೈರು. ಒಂದು ಟೈರ್ ಹೋದರೆ ಅರ್ಧ ರಸ್ತೆಯಲ್ಲೇ ನಿಂತಿರುತ್ತವೆ, ಸುತ್ತ ನಾಲ್ಕು ಕಲ್ಲು. ನಸುಕಿನ ಮಂಜಿನಲ್ಲಿ ಅವು ಕಾಣುವುದು ಬುಡಕ್ಕೆ ಬಂದ ಮೇಲೆ. ಮಳೆ ಬಿದ್ದರೆ ಹೊಲದಿಂದ ಚಕ್ರಕ್ಕಂಟಿ ಬಂದ ಯರಿ ಮಣ್ಣು ರಸ್ತೆಯನ್ನು ಬೆಣ್ಣೆ ಹಚ್ಚಿದಂತೆ ಮಾಡುತ್ತದೆ. ಹಿಮವಿಲ್ಲದ ನಾಡಿನ ಜಾರು ರಸ್ತೆ ಅದು. ಆಗ ಕಾಯುವುದು ಟೈರಿನ ಗೀರಿನ ಆಳವೊಂದೇ.

ಕಾನೂನು ಇದೆ, ನೋಡುವವರು?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಟೈರಿಗೇ ಮೀಸಲು. ಗೀರಿನ ಆಳ ಬೈಕ್, ಆಟೋಗಳಿಗೆ 0.8 ಮಿಲಿಮೀಟರ್, ಉಳಿದ ಗಾಡಿಗಳಿಗೆ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. 2022ರ ಅಕ್ಟೋಬರ್ 1ರಿಂದ ಹೊಸ ವಿನ್ಯಾಸದ ಟೈರುಗಳು ಒದ್ದೆ ರಸ್ತೆಯ ಹಿಡಿತದ ಪರೀಕ್ಷೆಯನ್ನೂ ಪಾಸಾಗಬೇಕು. ಆದರೆ ಟೈರಿಗೆ ಇಂತಿಷ್ಟೇ ವಯಸ್ಸು ಎಂಬ ಮಿತಿಯನ್ನು ಈ ನಿಯಮ ಹಾಕಿಲ್ಲ.

ಆಳದ ನಿಯಮವನ್ನಾದರೂ ನೋಡುವವರು ಯಾರು? ಬಾಡಿಗೆ ಗಾಡಿ, ಲಾರಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಸ್ವಂತ ಕಾರಿಗೆ ಒಮ್ಮೆ ನೋಂದಣಿಯಾದರೆ 15 ವರ್ಷ ಇಂಥ ತಪಾಸಣೆಯಿಲ್ಲ. ನನ್ನ ಅಳಿಯನ ಕಾರು ಕೈ ಬದಲಾಯಿತು, ಆರ್‌ಸಿಯಲ್ಲಿ ಹೆಸರು ಬದಲಾಯಿತು, ಹೊಗೆ ತಪಾಸಣೆ ಆಯಿತು, ವಿಮೆ ಆಯಿತು. ಇಷ್ಟು ಮೇಜುಗಳನ್ನು ದಾಟಿದರೂ ಹತ್ತು ವರ್ಷದ ಟೈರನ್ನು ಒಬ್ಬರೂ ಬಗ್ಗಿ ನೋಡಲಿಲ್ಲ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಇದರಲ್ಲಿ ದೊಡ್ಡ ಪಾಲು ಅತಿವೇಗದ್ದು. ಟೈರ್ ಒಡೆದು ಅಪಘಾತವಾದರೆ ಮಾತ್ರ ನಾವು ಅದನ್ನು ಹಣೆಬರಹದ ಖಾತೆಗೆ ಬರೆಯುತ್ತೇವೆ. "ಟೈರ್ ಬ್ಲಾಸ್ಟ್ ಆತ್ರಿ, ಯಾರ್ ಏನ್ ಮಾಡ್ಲಾಕ್ ಬರ್ತೈತಿ?" ಅಂದುಬಿಟ್ಟರೆ ಮುಗಿಯಿತು.

ನ್ಯಾಯಾಲಯ ಹಾಗೆ ಮುಗಿಸಿಲ್ಲ. 2010ರಲ್ಲಿ ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರೊಂದರ ಹಿಂದಿನ ಟೈರ್ ಒಡೆದು ಒಬ್ಬರು ಸತ್ತಿದ್ದರು. ಕುಟುಂಬಕ್ಕೆ ಸುಮಾರು 1.25 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಮಂಡಳಿ ಹೇಳಿತ್ತು. ಟೈರ್ ಒಡೆದದ್ದು ದೈವದ ಆಟ, ನಾವು ಹೊಣೆಯಲ್ಲ ಎಂದು ವಿಮಾ ಕಂಪನಿ ಮೇಲ್ಮನವಿ ಹೋಯಿತು. 2023ರಲ್ಲಿ ಬಾಂಬೆ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಅತಿವೇಗ, ಹವಾ ಕಡಿಮೆ ಅಥವಾ ಹೆಚ್ಚಿರುವುದು, ಹಳೇ ಟೈರ್, ಬಿಸಿ, ಇವೆಲ್ಲ ಟೈರ್ ಒಡೆಯಲು ಕಾರಣ. ಹೊರಡುವ ಮೊದಲು ಟೈರ್ ನೋಡಿಕೊಳ್ಳುವುದು ಓಡಿಸುವವನ ಕೆಲಸ, ಹಾಗಾಗಿ ಇದು ಮನುಷ್ಯನ ನಿರ್ಲಕ್ಷ್ಯ ಎಂದಿತು.

ಹೊಣೆ ಮನುಷ್ಯನದ್ದು ಎನ್ನುವುದು ಸರಿಯೇ. ಆದರೆ ಆ ಮನುಷ್ಯನಿಗೆ ಓದಲು ಕಲಿಸದೆ, ಒಮ್ಮೆಯೂ ತಪಾಸಣೆ ಮಾಡದೆ, ಸತ್ತ ಮೇಲೆ ನಿರ್ಲಕ್ಷ್ಯ ಎಂದರೆ ಅದು ಅರ್ಧ ನ್ಯಾಯ. ಉಳಿದರ್ಧ ಸರ್ಕಾರದ ಬಾಬತ್ತು.

ಆಗಬಹುದಾದ ಕೆಲಸ

ದುಡ್ಡಿನ ಮಾತನ್ನೂ ಆಡಬೇಕು. ದ್ರಾಕ್ಷಿ ರೈತನ ಮನೆಯಲ್ಲಿ ನಾಲ್ಕು ಟೈರಿಗೆ ಇಪ್ಪತ್ತು ಸಾವಿರ ರೂಪಾಯಿ ಅಂದರೆ ಒಂದು ಸಲದ ಔಷಧಿಯ ಲೆಕ್ಕ. ಟೈರನ್ನು ಶೋಕಿ ವಸ್ತುವಿನ ಹಾಗೆ ನೋಡಿ ಸರ್ಕಾರ ವರ್ಷಗಟ್ಟಲೆ 28% ಜಿಎಸ್‌ಟಿ ಹಾಕಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18%ಗೆ ಇಳಿದಿದೆ, ಟ್ರ್ಯಾಕ್ಟರ್ ಟೈರಿಗೆ 5% ಆಗಿದೆ. ತೆರಿಗೆ ಬಿಟ್ಟು 5,000 ರೂಪಾಯಿಯ ಟೈರ್ ಮೊದಲು 6,400 ಬೀಳುತ್ತಿತ್ತು, ಈಗ 5,900. ನಾಲ್ಕಕ್ಕೆ 2,000 ಉಳಿತಾಯ. ಒಳ್ಳೆಯದೇ. ಆದರೂ ಜೀವ ಉಳಿಸುವ ವಸ್ತುವಿಗೆ 18% ಯಾಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಮಿಕ್ಕದ್ದಕ್ಕೆ ಹೊಸ ಕಾನೂನೂ ಬೇಕಿಲ್ಲ. ಮಹಾರಾಷ್ಟ್ರದಲ್ಲಿ ಸಮೃದ್ಧಿ ಎಕ್ಸ್‌ಪ್ರೆಸ್‌ವೇ ಮೇಲೆ ಸಾವುಗಳು ಹೆಚ್ಚಾದಾಗ 2023ರಲ್ಲಿ ಆರ್‌ಟಿಒ ಸಿಬ್ಬಂದಿ ಪ್ರವೇಶದ್ವಾರದಲ್ಲೇ ಟೈರ್ ನೋಡಿ, ಬೋಳು ಟೈರಿನ ಗಾಡಿಗಳನ್ನು ವಾಪಸ್ ಕಳಿಸಿದರು. ವಿಜಯಪುರ ದಾಟುವ ಹೆದ್ದಾರಿಗಳ ಟೋಲ್ ಗೇಟ್‌ಗಳಲ್ಲಿ ಏಪ್ರಿಲ್, ಮೇ ಎರಡು ತಿಂಗಳಾದರೂ ಇದನ್ನು ಮಾಡಬಹುದು. ಆರ್‌ಸಿ ಹೆಸರು ಬದಲಿಸುವಾಗ ಟೈರಿನ ವಯಸ್ಸನ್ನು ಬರೆದು ಕೊಳ್ಳುವವನ ಸಹಿ ಪಡೆಯಬಹುದು. ಸಕ್ಕರೆ ಕಾರ್ಖಾನೆಗಳು ಕಬ್ಬು ತೂಗುವ ಮುಂಚೆ ಟ್ರೇಲರ್‌ನ ಹಿಂದಿನ ದೀಪ, ಮಿನುಗುವ ಪಟ್ಟಿ, ಟೈರ್ ನೋಡಬಹುದು. ತೂಕದ ಕಾಂಟಾದ ಮುಂದೆ ಗಾಡಿ ಹೇಗೂ ಗಂಟೆಗಟ್ಟಲೆ ನಿಂತೇ ಇರುತ್ತದೆ.

ಅಳಿಯ ಈಗ ಎರಡು ಹೊಸ ಟೈರ್ ಹಾಕಿಸಿದ್ದಾನೆ. ಮುಂದಿನ ಚಕ್ರಕ್ಕೆ ಹಾಕಿಸಲು ಹೊರಟಿದ್ದ, ನಾನು ಹಿಂದಿನದಕ್ಕೆ ಹಾಕಿಸಿದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಹಿಡಿಯುವುದು ಕಷ್ಟ. ಹಳೇ ಟೈರುಗಳನ್ನು ಅಂಗಡಿಯವರು ತಲಾ ಮುನ್ನೂರಕ್ಕೆ ಕೇಳಿದರು. "ಏನ್ ಮಾಡ್ತೀರಿ ಇವನ್ನ?" ಅಂತ ಕೇಳಿದ್ದಕ್ಕೆ, "ಯಾರರೆ ತಗೋತಾರ್ರಿ, ಇನ್ನೂ ಗೀರು ಅದಾವಲ್ಲ" ಅಂದರು. ಅಳಿಯ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಎರಡನ್ನೂ ಡಿಕ್ಕಿಗೆ ಹಾಕಿಕೊಂಡ. ಈಗ ಅವು ಅವನ ಹೊಲದ ಬದುವಿನಲ್ಲಿ, ಕೊಡಲಿಯಿಂದ ಕತ್ತರಿಸಿದ ಸ್ಥಿತಿಯಲ್ಲಿ ಬಿದ್ದಿವೆ.

ಇದನ್ನು ಓದುತ್ತಿರುವವರು ಒಂದು ಕೆಲಸ ಮಾಡಿ. ಹೊರಗೆ ಹೋಗಿ, ನಿಮ್ಮ ಗಾಡಿಯ ಟೈರಿನ ಮೇಲೆ ಆ ನಾಲ್ಕು ಅಂಕಿ ಹುಡುಕಿ. ಸ್ಟೆಪ್ನಿಯನ್ನೂ ಮರೆಯಬೇಡಿ.