ಅಂದು ‘ಬ್ಯಾಡ’ ಅಂದಿದ್ದೆ

ಮಕ್ಕಳೇ, ಹೋದ ಭಾನುವಾರ ಊಟಕ್ಕೆ ಕೂತಾಗ ಮೊಮ್ಮಗಳು ಕೇಳಿದಳು: “ಅಜ್ಜಾ, ನಮ್ಮ ಸಾಲ್ಯಾಗ ಫುಟ್‌ಬಾಲ್ ಬರೇ ಹುಡುಗರಿಗೆ ಐತಿ. ನಾವು ಕೇಳಿದ್ರ ‘ನೀವು ಥ್ರೋಬಾಲ್ ಆಡ್ರಿ’ ಅಂತಾರ. ಯಾಕ?”

ನನಗೆ ತಕ್ಷಣ ಉತ್ತರ ಬರಲಿಲ್ಲ. ಎದುರಿಗಿದ್ದ ಅವಳ ಅವ್ವ, ಅಂದರೆ ನನ್ನ ಮಗಳು, ನನ್ನ ಮುಖ ನೋಡಿ ನಕ್ಕಳು. ಆ ನಗುವಿಗೆ ಕಾರಣವಿದೆ. 1989ರಲ್ಲಿ ಅವಳು ಏಳನೇ ಇಯತ್ತೆ. ಓಣಿಯ ಹುಡುಗರ ಜೊತೆ ಚೆಂಡು ಒದೆಯಲು ಹೋಗುತ್ತೇನೆ ಎಂದಿದ್ದಳು. ಬ್ಯಾಂಕಿನಿಂದ ದಣಿದು ಬಂದಿದ್ದ ನಾನು “ಅದು ಹುಡುಗ್ಯಾರ ಆಟ ಅಲ್ಲ, ಬ್ಯಾಡ” ಎಂದುಬಿಟ್ಟೆ. ಅವಳು ಮತ್ತೆಂದೂ ಕೇಳಲಿಲ್ಲ.

ನನಗೆ ಆಗ ಗೊತ್ತಿರಲಿಲ್ಲ, ಅದಕ್ಕೆ ಆರು ವರ್ಷ ಮೊದಲೇ, 1983ರಲ್ಲಿ, ನಮ್ಮ ದೇಶದ ಹೆಣ್ಣುಮಕ್ಕಳು ಏಷ್ಯಾ ಚಾಂಪಿಯನ್‌ಷಿಪ್‌ನ ಫೈನಲ್ ಆಡಿದ್ದರು! ಅಂದು ಥಾಯ್ಲೆಂಡ್ ಗೆದ್ದಿತು. 2025ರ ಜುಲೈನಲ್ಲಿ ಅದೇ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ನಮ್ಮವರು 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್‌ನ ಫೈನಲ್ ತಲುಪಿತ್ತು.

ಇನ್ನು ಮೊಮ್ಮಗಳ ‘ಯಾಕ?’ 1920ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಒಂದು ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ಒಗ್ಗುವುದಿಲ್ಲ ಎಂದು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಬಾಗಿಲು ತೆರೆಯಲು ಐವತ್ತು ವರ್ಷ ಹಿಡಿಯಿತು. ನೋಡಿದಿರಾ, ಆಟಕ್ಕೆ ಹೆಣ್ಣು-ಗಂಡು ಎಂಬ ಭೇದವಿಲ್ಲ. ‘ಬ್ಯಾಡ’ ಎಂದವರು ನನ್ನಂಥವರೇ.

ಸೋಮವಾರ ಮೊಮ್ಮಗಳ ಕೈ ಹಿಡಿದು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಸಮಾಧಾನದಿಂದ ಕೇಳಿದರು. “ಹತ್ತು ಹುಡುಗ್ಯಾರ ಹೆಸರು ತರ್ರಿ. ಆಟ ಮುಗಿಯೋತನಕ ಮೈದಾನದಾಗ ಹಿರಿಯರೊಬ್ಬರು ಇರಬೇಕು” ಎಂದರು. ನ್ಯಾಯವಾದ ಮಾತು. ಕತ್ತಲಾದ ಮೇಲೆ ಮಗಳು ಒಬ್ಬಳೇ ಹೇಗೆ ಬರುತ್ತಾಳೆ ಎಂಬ ಚಿಂತೆಗೇ ಎಷ್ಟೋ ಮನೆಗಳಲ್ಲಿ ಆಟ ನಿಲ್ಲುತ್ತದೆ.

ಅಜ್ಜ-ಅಜ್ಜಿಯರೇ, ಈ ಕೆಲಸಕ್ಕೆ ನಮಗಿಂತ ಬಿಡುವಿದ್ದವರು ಯಾರು? ನೀರಿನ ಬಾಟಲಿ ಹಿಡಿದು ಮೈದಾನದ ಅಂಚಿಗೆ ಒಂದು ತಾಸು ಕೂತರೆ ಸಾಕು. ಶಾಲೆಯಲ್ಲಿ ಬಟ್ಟೆ ಬದಲಿಸಲು ಜಾಗವಿದೆಯೇ, ಶೌಚಾಲಯದ ಬಾಗಿಲು ತೆರೆದಿರುತ್ತದೆಯೇ ಎಂದೂ ವಿಚಾರಿಸಿ. ಊರಿನ ಕ್ಲಬ್‌ನವರನ್ನು ಕಂಡು, ಹುಡುಗಿಯರಿಗೆ ವಾರದಲ್ಲಿ ಎರಡು ಸಂಜೆ ಕಲಿಸುತ್ತೀರಾ ಎಂದು ಕೇಳಿ.

ಮಕ್ಕಳೇ, ಹನ್ನೊಂದು ಜನ ಸಿಗಲಿಲ್ಲವೆಂದು ಕೈಬಿಡಬೇಡಿ. ಐದೈದು ಜನ ಚಿಕ್ಕ ಅಂಗಳದಲ್ಲೂ ಆಡಬಹುದು. ಹನ್ನೆರಡರೊಳಗಿನವರಿಗೆ 4ನೇ ಅಳತೆಯ ಚೆಂಡು ಸರಿ. ಮುಂದೆ ಶಾಲಾ ತಂಡಗಳ ಸುಬ್ರೊತೊ ಕಪ್ ಇದೆ. ಅದರಲ್ಲಿ ಹುಡುಗಿಯರಿಗೂ ವಿಭಾಗವಿದೆ.

ಈವರೆಗೆ ಏಳು ಹೆಸರು ಬಂದಿವೆ, ಇನ್ನು ಮೂರು ಬೇಕು. ಕಾಯಲು ನಾನಿದ್ದೇನೆ. ಮಗಳೂ ಬರುತ್ತಾಳಂತೆ. ಆದರೆ ಅವಳಿಗೆ ಚೆಂಡು ಒದೆಯಬೇಕಂತೆ. ಈ ಸಲ ನಾನು “ಹೂಂ” ಅಂದೆ.