‘ಶಾರ್ಟ್ ಸರ್ಕ್ಯೂಟ್’ ಎಂದರೆ ಮುಗಿಯಿತೇ? ಎಸಿ ಭಾರ ಹೊರಲಾರದ ಹಳೆ ಫ್ಲ್ಯಾಟ್‌ಗಳ ವೈರಿಂಗ್

ಬೇಸಿಗೆಯಲ್ಲಿ ಮುಂಬೈ, ದೆಹಲಿ, ಹೈದರಾಬಾದ್‌ನಂಥ ನಗರಗಳಲ್ಲಿ ಯಾವುದಾದರೂ ಫ್ಲ್ಯಾಟ್‌ಗೆ ಬೆಂಕಿ ಬಿದ್ದರೆ ಮೊದಲ ವರದಿಯಲ್ಲೇ ಕಾಣುವ ಮಾತು ‘ಶಾರ್ಟ್ ಸರ್ಕ್ಯೂಟ್ ಶಂಕೆ’. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆದರೆ ಶಾರ್ಟ್ ಸರ್ಕ್ಯೂಟ್ ಎಷ್ಟೋ ಸಲ ಕೊನೆಯ ಘಟ್ಟ ಮಾತ್ರ. ತಪ್ಪು ತಿಂಗಳುಗಳ ಹಿಂದೆಯೇ ಮನೆಯ ಎಂಸಿಬಿ ಬಾಕ್ಸ್‌ನಲ್ಲಿ ನಡೆದಿರುತ್ತದೆ.

ಲೆಕ್ಕ ಸರಳ. 230 ವೋಲ್ಟ್‌ನಲ್ಲಿ 2,000 ವ್ಯಾಟ್‌ನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಒಂದೂವರೆ ಟನ್ ಎಸಿ ಸುಮಾರು 7. ಇಂಡಕ್ಷನ್ ಒಲೆ ಸೇರಿದರೆ 25ರ ಹತ್ತಿರ. ಫ್ಯಾನು, ದೀಪ, ಟಿವಿಗೆಂದು ಹಾಕಿದ ಹಳೆ ವೈರಿಂಗ್‌ನಲ್ಲಿ ಇವೆಲ್ಲ ಒಂದೇ ಲೈನಿಗೆ ಬಿದ್ದರೆ? 1.5 ಚದರ ಮಿ.ಮೀ. ತಾಮ್ರದ ವೈರು ಗೋಡೆಯ ಪೈಪಿನೊಳಗೆ ಸುರಕ್ಷಿತವಾಗಿ ಹೊರುವುದು ಸುಮಾರು 13ರಿಂದ 16 ಆಂಪಿಯರ್ ಅಷ್ಟೇ.

ಆಗ 16 ಆಂಪಿಯರ್ ಎಂಸಿಬಿ ಪದೇ ಪದೇ ಬೀಳುತ್ತದೆ. ಬೀಳಬೇಕಾದ್ದೇ! ಎಂಸಿಬಿ ಇರುವುದು ಮೊದಲಿಗೆ ವೈರನ್ನು ಕಾಯಲು. ಆದರೆ ‘ಟ್ರಿಪ್ ಆಗ್ತಿದೆ’ ಎಂದು ಕರೆಸಿದ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ 32 ಆಂಪಿಯರ್‌ನದ್ದು ಕೂರಿಸಿ ಹೋಗುತ್ತಾನೆ. ಮನೆಯವರಿಗೂ ಸಮಾಧಾನ. ವಿದ್ಯುತ್ ಪ್ರವಾಹ ದುಪ್ಪಟ್ಟಾದರೆ ವೈರಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ ಸೆಲ್ಸಿಯಸ್. ಅದು ದಿನವೂ ಸುಟ್ಟು ಬಿರುಸಾಗುವುದು ಗೋಡೆಯೊಳಗೆ ಯಾರಿಗೂ ಕಾಣುವುದಿಲ್ಲ. ದೊಡ್ಡ ಪ್ಲಗ್ಗನ್ನು 6 ಆಂಪಿಯರ್ ಸಾಕೆಟ್‌ಗೆ ತೂರಿಸುವ ಕನ್ವರ್ಟರ್ ಮಾಡುವುದೂ ಇದೇ ಕೆಲಸ. ಅಂಗಡಿಯಲ್ಲಿ ಅದು ಅಗ್ಗಕ್ಕೆ ಸಿಗುತ್ತದೆ.

ಶಾಕ್ ತಡೆಯುವುದು ಬೇರೆಯೇ ಸಾಧನ. 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಹಳೆ ಮನೆಗಳಲ್ಲಿ ಅಪರೂಪ.

ಇದನ್ನೆಲ್ಲ ನೋಡುವವರು ಯಾರು? ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆ ಇದೆ, ಸೊಸೈಟಿಗಳಲ್ಲಿ ತಪಾಸಣೆಯೂ ನಡೆಯುತ್ತದೆ. ಗಮನವೆಲ್ಲ ಹೈಡ್ರಂಟ್, ಪಂಪು, ಸಿಲಿಂಡರ್‌ಗಳ ಮೇಲೆ. ಫ್ಲ್ಯಾಟ್ ಬಾಗಿಲಿನ ಒಳಗಿನದು ಮಾಲೀಕನಿಗೆ ಬಿಟ್ಟದ್ದು. ಮಾಲೀಕ ಬೇರೆ ಊರಿನಲ್ಲಿ, ಬಾಡಿಗೆದಾರ ಇರುವುದು 11 ತಿಂಗಳು, ಎಸಿಯೂ ಬಾಡಿಗೆಯದ್ದು. ಗೋಡೆ ಒಡೆದು 4 ಚದರ ಮಿ.ಮೀ. ವೈರಿನ ಪ್ರತ್ಯೇಕ ಲೈನ್ ಎಳೆಸುವ ಖರ್ಚು ಯಾರದ್ದೆಂಬ ಪ್ರಶ್ನೆ ಅಲ್ಲೇ ನಿಲ್ಲುತ್ತದೆ. ಬಾಡಿಗೆ ಕರಾರಿನಲ್ಲಿ ಫ್ಯಾನು ಎಷ್ಟು, ಟ್ಯೂಬ್‌ಲೈಟ್ ಎಷ್ಟು ಎಂದು ಬರೆಯುತ್ತಾರೆ. ಎಂಸಿಬಿ ಎಷ್ಟರದ್ದು, ವೈರು ಎಷ್ಟು ದಪ್ಪದ್ದು ಎಂದು ಬರೆಯುವ ರೂಢಿಯೇ ಇಲ್ಲ.