ಸೂಜಿ ಹಾಕಿಸಿಕೊಳ್ಳುವ ಮುಂಚೆ ಬಾಯಿ ಬಿಡಿ

ಕಡಲೆಕಾಯಿ ಕೀಳುವ ಕಾಲದಲ್ಲಿ ಕಲ್ಯಾಣದುರ್ಗದ ಕಡೆ ಸಂಜೆ ಹೊತ್ತಿಗೆ ಸೊಂಟ ಹಿಡಿದವರ ಸಾಲು ಸಣ್ಣದಿರಲ್ಲ. ಹಿಂದೂಪುರದ ಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರದೂ ಇದೇ ಪಾಡು. ಕೇಳೋದು ಒಂದೇ: 'ಒಂದು ಸೂಜಿ ಹಾಕಿ ಸಾರ್, ನಾಳೆ ಕೂಲಿಗೆ ಹೋಗ್ಬೇಕು.' ಸೂಜಿ ಹಾಕದೆ ಬರೀ ಮಾತ್ರೆ ಬರೆದುಕೊಟ್ಟ ಡಾಕ್ಟರು ನಮ್ಮ ಜನರ ಲೆಕ್ಕದಲ್ಲಿ ಡಾಕ್ಟರೇ ಅಲ್ಲ.

ಹೀಗೆ ಹಾಕುವ ಸೂಜಿ ಬಹುತೇಕ ಡೈಕ್ಲೋಫೆನಾಕ್. ನೋವು, ಊತ ಎರಡನ್ನೂ ಇಳಿಸುವ ಒಳ್ಳೆಯ ಔಷಧ, ಅದರಲ್ಲಿ ಅನುಮಾನವಿಲ್ಲ. ಆದರೆ ಇದಕ್ಕೂ ಲೆಕ್ಕವಿದೆ. ಸಾಮಾನ್ಯವಾಗಿ ಸಿಗುವ 3 ಮಿಲಿ ಆಂಪೂಲಿನಲ್ಲಿ 75 ಮಿಲಿಗ್ರಾಂ ಇರುತ್ತದೆ. ದಿನಕ್ಕೆ 150 ಮಿಲಿಗ್ರಾಂ ದಾಟುವಂತಿಲ್ಲ. ಈ ಸೂಜಿ ಎರಡು ದಿನಕ್ಕಿಂತ ಹೆಚ್ಚು ಬೇಡ, ಆಮೇಲೂ ಬೇಕಾದರೆ ಮಾತ್ರೆ. ವಾರಗಟ್ಟಲೆ ದಿನಾ ಸಂಜೆ ಚುಚ್ಚಿಸಿಕೊಳ್ಳುವವರು ಇದನ್ನು ಗಮನಿಸಬೇಕು. ಮೆಡಿಕಲ್ ಶಾಪಿನಲ್ಲಿ ಅದೇ ಜಾತಿಯ ನೋವಿನ ಮಾತ್ರೆ ಬೇರೆ ಹೆಸರಿನಲ್ಲಿ ತಗೊಂಡು ನುಂಗಿ, ಮೇಲೆ ಸೂಜಿಯನ್ನೂ ಹಾಕಿಸಿಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯ ಇನ್ನೂ ಹೆಚ್ಚು.

ಈ ಸೀಮೆಯ ಬಿಸಿಲು ಬೇರೆ. ದಿನವಿಡೀ ಹೊಲದಲ್ಲಿ ಬೆವರು ಸುರಿಸಿ, ನೀರು ಸರಿಯಾಗಿ ಕುಡಿಯದೆ ಬಂದ ಮೈಗೆ ಈ ಔಷಧ ಬಿದ್ದರೆ ಮೊದಲ ಪೆಟ್ಟು ಕಿಡ್ನಿಗೆ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿ ತನ್ನ ರಕ್ತನಾಳಗಳನ್ನು ಹಿಗ್ಗಿಸಿಕೊಂಡು ರಕ್ತದ ಹರಿವು ಉಳಿಸಿಕೊಳ್ಳುತ್ತದೆ. ಡೈಕ್ಲೋಫೆನಾಕ್ ಆ ಹಿಗ್ಗುವಿಕೆಯನ್ನೇ ತಡೆಯುತ್ತದೆ. ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ನುಂಗುವ ವಯಸ್ಸಾದವರಿಗೆ ಅಪಾಯ ಮತ್ತೂ ಜಾಸ್ತಿ. ನೋವು ಹೋಯಿತೆಂದು ಮನೆಗೆ ಬಂದವರಿಗೆ ಮೂತ್ರ ಕಡಿಮೆಯಾಗಿದ್ದು ತಕ್ಷಣ ಗೊತ್ತಾಗುವುದಿಲ್ಲ.

ಆದ್ದರಿಂದ ತೋರಿಸಿಕೊಳ್ಳುವವರು ಮೊದಲು ಬಾಯಿ ಬಿಡಬೇಕು. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹಾರ್ಟ್ ಅಟ್ಯಾಕ್, ಲಕ್ವ ಆಗಿದ್ದರೆ ಹೇಳಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಆಸ್ಪಿರಿನ್‌ನಂಥ ನೋವಿನ ಮಾತ್ರೆಗೆ ಉಬ್ಬಸ ಬಂದಿದ್ದರೆ ಅದನ್ನೂ ಹೇಳಬೇಕು. ಬಸುರಿ ಹೆಂಗಸರು ಮುಚ್ಚಿಡಲೇಬಾರದು, ಕೊನೆಯ ಮೂರು ತಿಂಗಳಲ್ಲಿ ಇದು ಕೂಡದು. ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತೆಲುಗು ಎಂದು ನಮ್ಮ ಎಷ್ಟೋ ಹೆಂಗಸರು, ಮುದುಕರು ಸುಮ್ಮನೆ ತಲೆಯಾಡಿಸಿ ಬರುತ್ತಾರೆ. ಕಿಡ್ನಿ, ಬಿಪಿ, ಅಲ್ಸರ್ ಎಂಬ ಮಾತು ಎರಡೂ ಭಾಷೆಯಲ್ಲಿ ಒಂದೇ ತಾನೆ? ಅಷ್ಟು ಹೇಳಿದರೂ ಸಾಕು.

ಜ್ವರದಲ್ಲಂತೂ ಈ ಸೂಜಿಗೆ ಹಟ ಮಾಡಬೇಡಿ. 2005ರ ಕೊನೆಗೆ ಆಂಧ್ರದಲ್ಲಿ ಕಾಣಿಸಿಕೊಂಡು 2006ರಲ್ಲಿ ಕರ್ನಾಟಕಕ್ಕೂ ಹಬ್ಬಿದ ಚಿಕೂನ್‌ಗುನ್ಯಾವನ್ನು ಅನಂತಪುರದ ಕಡೆಯವರು ಮರೆತಿಲ್ಲ. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಅದು ಬಂದಿರುವ ಶಂಕೆ ಇತ್ತು. ಕೀಲುನೋವು ಡೆಂಗಿಯಲ್ಲೂ ಇರುತ್ತದೆ. ಡೆಂಗಿಯಲ್ಲಿ ಡೈಕ್ಲೋಫೆನಾಕ್ ರಕ್ತಸ್ರಾವ ತರಬಹುದು. ಡೆಂಗಿ ಅಲ್ಲವೆಂದು ಖಾತ್ರಿಯಾಗುವ ತನಕ ಪ್ಯಾರಾಸಿಟಮಾಲೇ ಸರಿ.

ಇನ್ನು ಸೂಜಿಯ ವಿಷಯ. ಸಿರಿಂಜ್ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಹರಿಯಬೇಕು, ಆಂಪೂಲನ್ನು ಕಣ್ಣೆದುರೇ ಮುರಿಯಬೇಕು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್-ಬಿ ಹರಡಿತು, ಹತ್ತಾರು ಜನ ಪ್ರಾಣ ಬಿಟ್ಟರು. ಮನುಷ್ಯರಿಗೆ ಕೊಡುವ ಡೈಕ್ಲೋಫೆನಾಕ್‌ನ ದೊಡ್ಡ ಬಾಟಲಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ನಿಷೇಧಿಸಿದೆ. ಅದಕ್ಕೆ ಕಾರಣ ರಣಹದ್ದು ಎಂದರೆ ನಗಬೇಡಿ. ದನಕರುಗಳಿಗೆ ಈ ಔಷಧ ಕೊಡುವುದನ್ನು 2006ರಲ್ಲಿ ನಿಲ್ಲಿಸಿದ ಮೇಲೂ ಮನುಷ್ಯರ ಬಾಟಲಿ ದನಗಳಿಗೆ ಹೋಗುತ್ತಿತ್ತು, ಸತ್ತ ದನ ತಿಂದ ಹದ್ದುಗಳು ಸಾಯುತ್ತಿದ್ದವು. ಹಾಗಾಗಿ ಈಗ ಒಬ್ಬರಿಗೆ ಒಂದು ಆಂಪೂಲ್. ಒಂದೇ ಬಾಟಲಿಯಿಂದ ನಾಲ್ಕು ಜನಕ್ಕೆ ಎಳೆಯುವುದು ಕಂಡರೆ ಬೇಡ ಎಂದು ಎದ್ದು ಬನ್ನಿ.

ಮೂರು ಮಿಲಿ ಸೂಜಿ ಕುಂಡೆಯ ಮೇಲ್ಭಾಗದ ಹೊರಮೂಲೆಯಲ್ಲಿ ಆಳಕ್ಕೆ ಹೋಗಬೇಕು. ನಡುವೆ ಅಥವಾ ಕೆಳಗೆ ಚುಚ್ಚಿದರೆ ಕಾಲಿಗೆ ಹೋಗುವ ದೊಡ್ಡ ನರಕ್ಕೆ ತಗಲಿ ಪಾದವೇ ಎತ್ತಲಾಗದೆ ಹೋಗಬಹುದು. ಚುಚ್ಚುವಾಗ ಕಾಲಿನುದ್ದಕ್ಕೂ ಕರೆಂಟ್ ಹೊಡೆದಂತಾದರೆ ತಡ್ಕೊಳ್ಳೋದು ಬೇಡ, ಆಗಲೇ ಕೂಗಿ. ಎರಡು ಔಷಧ ಒಂದೇ ಸಿರಿಂಜಿನಲ್ಲಿ ಬೆರೆಸುತ್ತಿದ್ದರೆ ಯಾಕೆಂದು ಕೇಳಿ, ಡೈಕ್ಲೋಫೆನಾಕ್‌ಗೆ ಬೇರೇನೂ ಬೆರೆಸಬಾರದು. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮುಖ ಊದಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡ ಮಾಡದೆ 108. ಮನೆಗೆ ಹೋದ ಮೇಲೆ ಮಲ ಟಾರಿನಂತೆ ಕಪ್ಪಾದರೆ, ಚುಚ್ಚಿದ ಜಾಗ ನೀಲಿಗಟ್ಟಿ ಕಪ್ಪಾಗುತ್ತಾ ಬಂದರೆ ಬಿಸಿನೀರಿನ ಶಾಖ ಕೊಡುತ್ತಾ ಕೂರದೆ ದೊಡ್ಡಾಸ್ಪತ್ರೆಗೆ ಹೋಗಬೇಕು.

ಜನರಿಗಷ್ಟೇ ಬುದ್ಧಿ ಹೇಳಿದರೆ ಮುಗಿಯುವುದಿಲ್ಲ. ಹಿಂದೂಪುರ, ಕಲ್ಯಾಣದುರ್ಗದ ಸರ್ಕಾರಿ ಆಸ್ಪತ್ರೆಗಳ ಸೂಜಿ ಕೋಣೆಯ ಬಾಗಿಲಿಗೆ 'ಕಿಡ್ನಿ, ಹೊಟ್ಟೆಹುಣ್ಣು, ಹೃದಯ, ಬಸಿರು: ಮೊದಲೇ ತಿಳಿಸಿ' ಎಂದು ಕನ್ನಡ, ತೆಲುಗು ಎರಡರಲ್ಲೂ ಒಂದು ಬೋರ್ಡು ಬೇಕು. ಹಲಗೆ, ಬಣ್ಣಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮುಂದಿನ ಕಡಲೆಕಾಯಿ ಕೀಳುವ ಹೊತ್ತಿಗಾದರೂ ಆರೋಗ್ಯ ಇಲಾಖೆ ಅದನ್ನು ತೂಗುಹಾಕಲಿ.